ಪೇಪರ್ ಟೈಲರ್‌ನ ಮೊದಲ ಪಾಠ

ಬೀದಿಯವರೆಲ್ಲ ಅವನನ್ನು ಪೇಪರ್ ಟೈಲರ್ ಎನ್ನುತ್ತಿದ್ದರು. ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದವನೇ, ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುವ ಮೊದಲು, ಪೇಪರ್ ಬಿಡಿಸಿ ಕೂರುತ್ತಿದ್ದ. ಬಂದವರಿಗೆಲ್ಲ ಸುದ್ದಿ ಓದಿ ಹೇಳುತ್ತಿದ್ದ. ನಿಜ ಹೇಳಬೇಕೆಂದರೆ ಮಹಾಶಯನಿಗೆ ಅಕ್ಷರದ ಗಂಧವೇ ಇರಲಿಲ್ಲ. ಆರು ಗಂಟೆಗೆ ರೇಡಿಯೋದಲ್ಲಿ ಕೇಳಿದ್ದನ್ನೇ ಎಂಟು ಗಂಟೆಗೆ ಪೇಪರ್ ಮುಖಕ್ಕೆ ಹಿಡಿದು ಒಪ್ಪಿಸುತ್ತಿದ್ದ, ಅಷ್ಟೆ. ಒಂದು ದಿನ ಪೇಪರ್ ಬಾರದೆ ಹೋದಾಗ ಹಿಂದಿನ ವಾರದ್ದನ್ನು ಹಿಡಿದು ಅವತ್ತಿನ ಸುದ್ದಿ ಓದಿದ. ಒಬ್ಬ ಪುಣ್ಯಾತ್ಮನಿಗೂ ಗೊತ್ತಾಗಲಿಲ್ಲ. ಅಂಕಿಗಳು ಮಾತ್ರ ಬರುತ್ತಿದ್ದವು. ಅಳತೆ ಪುಸ್ತಕದಲ್ಲಿ ಗಿರಾಕಿಯ ಹೆಸರು ಬರೆಯುವ ಕಡೆ ಅವರ ಬಟ್ಟೆಯ ಚೂರು ಅಂಟಿಸುತ್ತಿದ್ದ. ಅದನ್ನೂ ಜನ ಏನೋ ಹೊಸ ಪದ್ಧತಿ ಎಂದು ಮೆಚ್ಚಿಕೊಂಡಿದ್ದರು.

ಹೆಂಡತಿಗೂ ಗೊತ್ತಿರಲಿಲ್ಲ. ಮದುವೆ ಮಾತುಕತೆಯಲ್ಲಿ ಹತ್ತನೇ ಕ್ಲಾಸ್ ಪಾಸು ಎಂದುಬಿಟ್ಟಿದ್ದ. ಒಂದು ಸುಳ್ಳು ಹೇಳಿದರೆ ಅದನ್ನು ಕಾಯಲು ನೂರು ಸುಳ್ಳು ಬೇಕಾಗುತ್ತದೆ ಎಂಬುದು ಆ ವಯಸ್ಸಿನಲ್ಲಿ ಯಾರಿಗೆ ಹೊಳೆಯುತ್ತದೆ? ಅವಳು ಬೆಳಗ್ಗೆ ಬಟ್ಟೆ ಒಗೆಯುವ ಕಾರ್ಖಾನೆಗೆ ಹೋದರೆ ಬರುತ್ತಿದ್ದುದು ಸಂಜೆಗೆ. ಹೋದಲ್ಲೆಲ್ಲ ತನ್ನ ಗಂಡ ಓದಿದವನೆಂದು ಹೇಳಿಕೊಳ್ಳುತ್ತಿದ್ದಳು.

ಒಬ್ಬಳೇ ಮಗಳು, ಏಳನೇ ಕ್ಲಾಸು. ಸಣ್ಣಗಿದ್ದಾಳೆಂದು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಆ ವರ್ಷ ಶಾಲೆಯಲ್ಲಿ ಮಕ್ಕಳಿಗೆಲ್ಲ ಒಂದೊಂದು ಟ್ಯಾಬ್ ಕೊಟ್ಟರು, ಸಂಜೆ ಮನೆಯಲ್ಲಿ ಕೂತು ಕಲಿಯಲಿ ಎಂದು. ಅದು ಪಾಠ ಹೇಳುತ್ತಿತ್ತು, ಪ್ರಶ್ನೆ ಕೇಳುತ್ತಿತ್ತು, ಮಗು ಗಟ್ಟಿಯಾಗಿ ಓದಿದರೆ ಕೇಳಿಸಿಕೊಳ್ಳುತ್ತಿತ್ತು. ಸರಿ ಹೇಳಿದರೆ ಮೇಲಿನ ಹಂತ, ತಪ್ಪಿದರೆ ಕೆಳಗಿನ ಹಂತ. ವರ್ಷದ ಕೊನೆಗೆ ಎಂಟನೇ ಹಂತದಲ್ಲಿ ನಿಂತ ಮಕ್ಕಳಿಗೆ ದೊಡ್ಡ ಊರಿನ ಹಾಸ್ಟೆಲ್ ಶಾಲೆಯಲ್ಲಿ ಪುಕ್ಕಟೆ ಸೀಟು. ಗುಬ್ಬಿ ಆಗಲೇ ಎಂಟಕ್ಕೆ ಹತ್ತಿ ಕೂತಿದ್ದಳು.

ಹಗಲು ಹೊತ್ತಿನಲ್ಲಿ ಟ್ಯಾಬ್ ಮನೆಯಲ್ಲೇ ಇರುತ್ತಿತ್ತು. ಮಧ್ಯಾಹ್ನ ಊಟಕ್ಕೆ ಬಂದ ಟೈಲರ್ ಒಂದು ದಿನ ಬಾಗಿಲ ಚಿಲಕ ಹಾಕಿ, ಮಗಳು ಒತ್ತುವುದನ್ನು ನೋಡಿದ್ದ ಹಾಗೆಯೇ ಅಲ್ಲಿ ಇಲ್ಲಿ ಒತ್ತಿ ಮೊದಲ ಪಾಠ ತೆಗೆದ. ಒಳಗಿನಿಂದ ಒಬ್ಬ ಹೆಂಗಸಿನ ದನಿ ಅಕ್ಷರ ತೋರಿಸಿ ಹೇಳಿಕೊಟ್ಟಿತು. ಇವನೂ ಹೇಳಿದ. “ಭೇಷ್” ಎಂದಿತು. ನಲವತ್ತೆರಡು ವರ್ಷದಲ್ಲಿ ಅವನ ಓದಿಗೆ ಯಾರಾದರೂ ಭೇಷ್ ಎಂದದ್ದು ಅದೇ ಮೊದಲು. ಕಣ್ಣಲ್ಲಿ ನೀರೇ ಬಂತು. ಆಮೇಲೆ ಅದೇ ಚಟವಾಯಿತು. ದಿನಾ ಅರ್ಧ ಊಟ, ಉಳಿದ ಹೊತ್ತೆಲ್ಲ ಪಾಠ. ತಪ್ಪಿದರೆ ದನಿ ಬೈಯುತ್ತಿರಲಿಲ್ಲ. ಮತ್ತೊಮ್ಮೆ ನೋಡೋಣ ಎನ್ನುತ್ತಿತ್ತು. ಇವನು ಸಾವಿರ ಸಲ ತಪ್ಪಿದ. ಮುಗಿದ ಮೇಲೆ ಮಗಳು ಎಲ್ಲಿ ಬಿಟ್ಟಿದ್ದಳೋ ಅದೇ ಪುಟಕ್ಕೆ ತಂದಿಡುತ್ತಿದ್ದ. ಸ್ಲೇಟಿನ ಹಾಗೆ, ಒರೆಸಿದರೆ ಹೋಯಿತು ಎಂದುಕೊಂಡಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು. ಟ್ಯಾಬ್ ಒಂದನ್ನೂ ಮರೆತಿರಲಿಲ್ಲ. ಇವನ ತಪ್ಪುಗಳನ್ನೆಲ್ಲ ಗುಬ್ಬಿಯ ಹೆಸರಿಗೇ ಹಾಕಿಕೊಂಡು ಅವಳನ್ನು ಎಂಟರಿಂದ ಎರಡನೇ ಹಂತಕ್ಕೆ ಇಳಿಸಿಬಿಟ್ಟಿತು.

ಟ್ಯಾಬಿನಲ್ಲಿ ತಪ್ಪು ಜಾಸ್ತಿಯಾಗಿ ಸೀಟಿನ ಪಟ್ಟಿಯಲ್ಲಿ ತನ್ನ ಹೆಸರಿಲ್ಲ, ನಾಳೆ ಅಪ್ಪ ಅಮ್ಮ ಇಬ್ಬರೂ ಶಾಲೆಗೆ ಬರಬೇಕಂತೆ ಎಂದು ಗುಬ್ಬಿ ಬಂದು ಹೇಳಿದಾಗ ಹೆಂಡತಿ ಅಳುತ್ತಾ ಕೂತಳು. ಟೈಲರ್‌ಗೆ ತನ್ನಿಂದಲೇ ಆದದ್ದೆಂದು ಆ ಕ್ಷಣಕ್ಕೇ ತಿಳಿಯಿತು. ತಿಳಿದೂ ಅವನು ಮಾಡಿದ್ದೇನು ಗೊತ್ತೆ? ಮಗಳ ಕಿವಿ ಹಿಡಿದು ಹಿಂಡಿದ.

“ಅದರಲ್ಲಿ ಆಟ ಆಡ್ತಾ ಕೂತಿದ್ಯಾ? ದಡ್ಡಿ!”

ಗುಬ್ಬಿ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, “ಹೂಂ ಅಪ್ಪ, ಆಟ ಆಡ್ತಿದ್ದೆ” ಎಂದಳು. ಅವನಿಗೆ ಉಸಿರು ಹಗುರಾಯಿತು. ಹಾಗೆ ಹಗುರಾದದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಬಾಯಿ ಬಿಡುವಷ್ಟು ಆಗಲಿಲ್ಲ.

ಮರುದಿನ ಕ್ಲಾಸಿನ ತುಂಬ ತಂದೆತಾಯಂದಿರು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಸಿಗಿಸಿಕೊಂಡು ಕೂತಿದ್ದರು. ಇಪ್ಪತ್ತು ವರ್ಷದಿಂದ ಅಲ್ಲೇ ಪಾಠ ಹೇಳುತ್ತಿದ್ದ ಮಿಸ್ಸು ಒಬ್ಬೊಬ್ಬರದೇ ವಿಚಾರಿಸುತ್ತ ಗುಬ್ಬಿಯ ಸರದಿ ಬಂದಾಗ, ಈ ಹುಡುಗಿಯ ಟ್ಯಾಬಿನಲ್ಲಿ ಬೇರೆ ಯಾರದೋ ಓದು ಸಿಕ್ಕಿದೆ ಎಂದು ಗುಂಡಿ ಒತ್ತಿದರು. ಯಾರದೆಂದು ಗುರುತು ಹತ್ತದ ಹಾಗೆ ಪಿಸುಗುಟ್ಟುವ ಗೊಗ್ಗರು ದನಿಯೊಂದು ಕೇಳಿತು: ಮ... ರ. ಮರ. ಸ... ರ. ಸರ. ಜನ ನಕ್ಕರು. ಯಾರದು ಎಂದು ಮಿಸ್ಸು ಕೇಳಿದರು. ಗುಬ್ಬಿ ನೆಲ ನೋಡುತ್ತ, ಯಾರೋ ಕೇಳಿದರು, ಕೊಟ್ಟಿದ್ದೆ ಎಂದಳು. ಹೊರಗಿನವರಿಗೆ ಕೊಟ್ಟಿದ್ದರೆ ಟ್ಯಾಬ್ ವಾಪಸ್ ಪಡೆಯಬೇಕಾಗುತ್ತದೆ, ಸೀಟಿನ ಮಾತಂತೂ ಮುಗಿದ ಹಾಗೆಯೇ ಎಂದರು ಮಿಸ್ಸು.

ಟೈಲರ್ ಎದ್ದ. ಬೆಂಚು ಕರ್ ಎಂದಿತು.

“ಆ ದನಿ ನಂದು ಮಿಸ್. ನಂಗೆ ಓದೋಕೆ ಬರಲ್ಲ. ಕದ್ದು ಕಲೀತಿದ್ದೆ.”

ಒಬ್ಬರಾದರೂ ನಂಬಬೇಕಲ್ಲ! ಕಿರಾಣಿ ಅಂಗಡಿಯವರು ಎದ್ದು, ದಿನಾ ನಮಗೆ ಪೇಪರ್ ಓದಿ ಹೇಳೋ ಮನುಷ್ಯ ಇವರು, ಮಗಳನ್ನ ಉಳಿಸೋಕೆ ಹೀಗಂತಿದ್ದಾರೆ ಪಾಪ ಎಂದರು. ಉಳಿದವರು ತಲೆಯಾಡಿಸಿದರು. ಹತ್ತನೇ ಕ್ಲಾಸ್ ಪಾಸಾಗಿದ್ದಾರೆ ಮಿಸ್ ಎಂದಳು ಹೆಂಡತಿ. ಹದಿನೈದು ವರ್ಷ ಕಟ್ಟಿದ ಸುಳ್ಳು ಗೋಡೆಯಾಗಿ ನಿಂತಿತು. ನಿಜ ಹೇಳಿದರೂ ದಾಟಲು ಬಿಡದು. ಮಿಸ್ಸು ಮೂರನೇ ಕ್ಲಾಸಿನ ಪುಸ್ತಕ ತೆಗೆದು, ಒಂದು ಸಾಲು ಓದಿ ನೋಡೋಣ ಎಂದು ಅವನ ಕೈಗೆ ಕೊಟ್ಟರು.

ಅವನು ಸಾಲಿನ ಕೆಳಗೆ ಬೆರಳಿಟ್ಟ. ಒಂದು ಅಕ್ಷರ ಹೇಳಿ ನಿಂತ. ಒತ್ತಕ್ಷರ ಬಂದಲ್ಲಿ ಬೆರಳು ಹಿಂದೆ ಹೋಯಿತು, ಮತ್ತೆ ಬಂತು. ಏನ್ ನಟನೆ ಮಾರಾಯ ಎಂದು ಹಿಂದಿನ ಬೆಂಚಿನವರು ಮೆಚ್ಚಿ ನಕ್ಕರು. ಬೆವರು ಮೂಗಿನ ತುದಿಯಿಂದ ಪುಸ್ತಕದ ಮೇಲೆ ಬಿತ್ತು. ಆ ಬೆರಳನ್ನೇ ನೋಡುತ್ತಿದ್ದ ಮಿಸ್ಸು ಮಾತ್ರ ನಗಲಿಲ್ಲ. ಮೊದಲ ಸಲ ಓದುವವರ ಬೆರಳುಗಳನ್ನು ಅವರು ಸಾಕಷ್ಟು ಕಂಡಿದ್ದರು.

“ಸಾಕು, ಕೂತ್ಕೊಳ್ಳಿ. ಇವರು ಹೇಳ್ತಿರೋದು ನಿಜ.”

ನಗು ನಿಂತಿತು. ಕಿರಾಣಿಯವರು ಕಿಟಕಿಯ ಕಡೆ ತಿರುಗಿದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಟೈಲರ್‌ಗೆ. ಗುಬ್ಬಿಯನ್ನು ಇನ್ನೊಮ್ಮೆ ಪರೀಕ್ಷಿಸಿ ಮೇಲಿನವರಿಗೆ ಬರೆಯುತ್ತೇನೆ ಎಂದು ಮಿಸ್ಸು ಹೇಳಿದ್ದು ಎಲ್ಲೋ ದೂರದಿಂದ ಕೇಳಿತು.

ದಾರಿಯಲ್ಲಿ ಹೆಂಡತಿ ಬಿರಬಿರನೆ ಮುಂದೆ ನಡೆದಳು. ಅಪ್ಪ ಮಗಳು ಹಿಂದೆ.

“ನಿಂಗೆ ಯಾವಾಗ ಗೊತ್ತಾಯ್ತು?”

“ಮೊದಲ್ನೇ ದಿನಾನೇ. ಇವತ್ತು ನೀವು ಐದು ಅಕ್ಷರ ಕಲಿತಿರಿ ಅಂತ ಸಂಜೆ ಟ್ಯಾಬ್ ಹೇಳ್ತು.”

“ಮತ್ತೆ ಹೇಳ್ಬಾರದಿತ್ತಾ? ನಿನ್ನ ಹಂತ ಇಳೀತಿತ್ತಲ್ಲ.”

“ಅಕ್ಷರದ್ದು ಇನ್ನು ನಾಲ್ಕೇ ಪಾಠ ಉಳಿದಿತ್ತು ಅಪ್ಪ. ಮುಗಿಸ್ಕೊಳ್ಳಲಿ, ಆಮೇಲೆ ನಾನು ಹತ್ತಿದರಾಯ್ತು ಅಂದ್ಕೊಂಡೆ.”

ಶಾಲೆಯಲ್ಲಿ ಅಷ್ಟು ಜನರ ಮುಂದೆ ಆದದ್ದು ನಾಚಿಕೆಯೇ ಅಲ್ಲ, ನಿಜವಾದ ನಾಚಿಕೆ ಈಗ ಬಂತು. ನಿನ್ನೆ ತಾನು ಹಿಂಡಿದ ಅವಳ ಎಡಗಿವಿ ಇನ್ನೂ ಕೆಂಪಗಿತ್ತು. ಸವರಬೇಕೆಂದು ಅವನು ಕೈ ಎತ್ತಿದ. ಗುಬ್ಬಿ ತಟ್ಟನೆ ತಲೆಯನ್ನು ಪಕ್ಕಕ್ಕೆ ಎಳೆದುಕೊಂಡಳು.