ರಾಯವ್ವನ ಸಹಿ

ಹುಕ್ಕೇರಿಯ ಹೆಣ್ಣುಮಕ್ಕಳ ಸಾಲೆಯ ಪಡಸಾಲೆಯಲ್ಲಿ ಶನಿವಾರ ಮಧ್ಯಾಹ್ನ ಹೆಂಗಸರು ಕೂಡುತ್ತಿದ್ದರು. ಗೋಕಾಕದಿಂದ ಕಲಿಸಲು ಬಂದಿದ್ದ ಶಿವಗಂಗವ್ವ ಅಕ್ಕೋರು ಪತ್ರಿಕೆ ಓದಿ ಹೇಳುವರು. ಇವರು ಬತ್ತಿ ಹೊಸೆಯುತ್ತ, ಅಕ್ಕಿ ಆರಿಸುತ್ತ ಕೇಳುವರು. ಚೀನದಲ್ಲಿ ಹೊಳೆ ಬಂದು ಊರೂರೇ ಮುಳುಗಿದವು, ವಿಲಾಯತಿಯಲ್ಲಿ ಕೆಲಸವಿಲ್ಲದವರು ಬೀದಿಯಲ್ಲಿ ಸಾಲುಗಟ್ಟಿ ನಿಂತಿದ್ದಾರೆ ಎಂದರೆ, “ಅಲ್ಲೀನೂ ಹಂಗ ಏನ್ರಿ?” ಎಂದು ಮೂಗಿನ ಮೇಲೆ ಬೆರಳಿಡುವರು.

ರಾಯವ್ವ ಬರುತ್ತಿದ್ದುದು ಸುದ್ದಿಗಲ್ಲ, ಗೋಡೆಯ ಮೇಲಿನ ಜಗತ್ತಿನ ನಕಾಶೆಗೆ. ಅದರಲ್ಲಿ ಬಸ್ರಾ ಇತ್ತು. ಹದಿನೈದು ವರ್ಷದ ಹಿಂದೆ ದೊಡ್ಡ ಲಡಾಯಿಗೆ ಹೇಸರಗತ್ತೆಗಳ ಪಲ್ಟಣಿನ ಜೊತೆ ಹೋದ ಅವಳ ಒಬ್ಬನೇ ಮಗ ಅಪ್ಪಣ್ಣ ಅಲ್ಲಿ ಮಣ್ಣಾಗಿದ್ದ. ಅಕ್ಕೋರು ಮೊದಲ ಸಲ ಬೆರಳಿಟ್ಟು ತೋರಿಸಿದಾಗ ಅವಳಿಗೆ ಅಳು ಬರಲಿಲ್ಲ. ಹುಕ್ಕೇರಿಯಿಂದ ಅಲ್ಲಿಗೆ ಒಂದು ಗೇಣೂ ಇರಲಿಲ್ಲ. ಇಷ್ಟು ಹತ್ತಿರ ಇದ್ದವನು ಯಾಕೆ ಬರಲಿಲ್ಲ ಎಂದು ಒಂದು ಗಳಿಗೆ ಸಿಟ್ಟೇ ಬಂದಿತ್ತು.

ಆ ವರ್ಷ ಕಾರ್ತಿಕದಲ್ಲಿ ಪುಣೆಯಿಂದ ಒಂದು ದೊಡ್ಡ ಹಾಳೆ ಬಂತು. ಜಿನೀವಾ ಎಂಬ ಊರಿನಲ್ಲಿ ಎಲ್ಲ ದೇಶದ ದೊಡ್ಡವರು ಸಭೆ ಸೇರುತ್ತಾರೆ, ತೋಪು ಬಂದೂಕು ಕಡಿಮೆ ಮಾಡಿರೆಂದು ಕೇಳಲು ದೇಶದೇಶದ ಹೆಂಗಸರು ಸಹಿ ಹಾಕಿ ಕಳಿಸುತ್ತಿದ್ದಾರೆ ಎಂದು ಅಕ್ಕೋರು ತಿಳಿಸಿದರು. ಹೆಬ್ಬೆಟ್ಟು ನಡೆಯುವುದಿಲ್ಲ. ಸ್ವಂತ ಕೈಯಿಂದ ತನ್ನ ಹೆಸರು, ಮುಂದೆ ಗಂಡನ ಹೆಸರು ಬರೆಯಬೇಕು.

“ಗಂಡನ ಹೆಸರ ಬರದ್ರ ಬಾಯಾಗ ಬಂದಂಗ ಆಗತೈತೇನ್ರಿ ಅಕ್ಕೋರ?” ಎಂದಳು ರಾಯವ್ವನ ಬಾಜೂ ಮನೆಯ ಕಾಶೆವ್ವ.

“ಬಾಯಿ ಮುಚ್ಚಿಕೊಂಡು ಬರೀರಿ, ಆಗೂದಿಲ್ಲ.”

“ಗಂಡನ ಹೆಸರ ನಾ ಪದಾ ಕಟ್ಟಿ ಒಡಪು ಇಟ್ಟ ಹೇಳಾಕಿ. ಹಾಳ್ಯಾಗ ಒಡಪಿಗೆ ಜಾಗಾ ಐತೇನ ನೋಡ್ರಿ.”

ಕೊನೆಗೆ ಒಬ್ಬಳ ಗಂಡನ ಹೆಸರನ್ನು ಇನ್ನೊಬ್ಬಳು ಹೇಳಿ ಬರೆಸಿದರು. “ಇಕಿ ಗಂಡ ಪರಪ್ಪ, ಬರಕೋರಿ,” ಎಂದು ಕಾಶೆವ್ವ ಹೇಳಿದಾಗ ರಾಯವ್ವ ಸೆರಗು ಎಳೆದುಕೊಂಡಳು. ಮೂರು ವಾರ ಅಕ್ಷರ ತಿದ್ದಿದಳು. ಹಿಟ್ಟಿನ ಹರಿವಾಣದಲ್ಲಿ ಬೆರಳಿಂದ ‘ಪರಪ್ಪ’ ಎಂದು ಬರೆದು, ಆ ಹಿಟ್ಟನ್ನೇ ನಾದಿ ರೊಟ್ಟಿ ಬಡಿದು ಅವನಿಗೆ ಉಣ್ಣಲಿಕ್ಕೆ ನೀಡಿದಳು. ನಾಲ್ಕನೆಯ ಶನಿವಾರ ಹಾಳೆಯ ಮೇಲೆ ಬರೆದಳು.

ಅವನ ಹೆಸರು ಅವನಿಗೆ ಹೇಳದೆ ಊರು ದಾಟುವುದು ಸರಿ ಕಾಣಲಿಲ್ಲ. ಅಂದೇ ಸಂಜೆ ಹೇಳಿದಳು.

ಪರಪ್ಪ ದೇವರ ಜಗಲಿಯ ಮುಂದೆ ಕೂತಿದ್ದ. ಮಗನ ಹೆಸರು ಕೊರೆದು ಸರಕಾರ ಕಳಿಸಿದ ಕಂಚಿನ ಬಿಲ್ಲೆ ದೇವರ ಸಾಲಿನಲ್ಲೇ ಇತ್ತು. ಸೋಮವಾರಕ್ಕೊಮ್ಮೆ ಹುಣಸೆಹುಳಿ ಹಚ್ಚಿ ಅವನೇ ಅದನ್ನು ತಿಕ್ಕುತ್ತಿದ್ದ. ಬಂದವರಿಗೆಲ್ಲ, ನನ್ನ ಮಗ ಗುಂಡಿಗೆ ಎದೆ ಕೊಟ್ಟ ಎನ್ನುತ್ತಿದ್ದ. ಸಾವಿನ ಸುದ್ದಿ ತಂದ ಕಾಗದದಲ್ಲಿ ಇದ್ದುದು ಜ್ವರ ಎಂದು. ಅದು ರಾಯವ್ವನಿಗೆ ಗೊತ್ತಿತ್ತು, ಹದಿನೈದು ವರ್ಷದಲ್ಲಿ ಒಮ್ಮೆಯೂ ಅವಳು ಆ ಮಾತು ತಿದ್ದಿರಲಿಲ್ಲ.

“ಲಡಾಯಿ ಬ್ಯಾಡಂತ ನಾವ ಬರದ್ರ, ಹುಡುಗ ಸುಮ್ಮಸುಮ್ಮನ ಸತ್ತ ಅಂತ ನಾವ ಹೇಳಿದಂಗ ಆತಲ್ಲ,” ಎಂದ ಪರಪ್ಪ. ದನಿ ಏರಿರಲಿಲ್ಲ. “ಸೋಮವಾರ ಟಪಾಲಿಗೆ ಹೋಗೂದ್ರಾಗ ಹೆಸರಿನ ಮ್ಯಾಲ ಕಾಟು ಹೊಡದು ಬಾ.”

ಕಾಟು ಹೊಡೆಯಲೆಂದೇ ಅವಳು ಸೋಮವಾರ ಹೋದಳು. ಅಕ್ಕೋರು ಹಾಳೆ, ದೌತಿ, ಟಾಕು ಮುಂದಿಟ್ಟರು. ಸೊಟ್ಟ ಸೊಟ್ಟ ಅಕ್ಷರ. ‘ರಾಯವ್ವ’ ಎಂಬುದು ಸಾಲು ಬಿಟ್ಟು ಮೇಲೆ ಹತ್ತಿತ್ತು. ಮಗನನ್ನು ಪಲ್ಟಣಿಗೆ ಕೊಡುವಾಗ ಹೆಬ್ಬೆಟ್ಟು ಒತ್ತಿದವನು ಪರಪ್ಪ. ಅಂದು ಒಳಗಿದ್ದ ಅವಳನ್ನು ಯಾರೂ ಕರೆದಿರಲಿಲ್ಲ. ಮಗ ಹೋಗಲೋ ಬೇಡವೋ ಎಂದು ಜಗತ್ತಿನಲ್ಲಿ ಯಾರಾದರೂ ಅವಳನ್ನು ಕೇಳಿದ್ದರೆ ಅದು ಈ ಹಾಳೆ ಮಾತ್ರ, ಅದೂ ಇಷ್ಟು ತಡವಾಗಿ. ಟಾಕು ಕೆಳಗಿಟ್ಟು ಎದ್ದಳು.

“ನಾ ಹೊಡೀಲಿಲ್ರಿ,” ಎಂದಳು ಮನೆಗೆ ಬಂದು.

ಪರಪ್ಪ ಬೈಯಲಿಲ್ಲ, ಊಟವನ್ನೂ ಬಿಡಲಿಲ್ಲ. ಆದರೆ ಅಂದು ಹುಣಸೆಹಣ್ಣು ನೆನೆಹಾಕಲಿಲ್ಲ, ಮುಂದಿನ ಸೋಮವಾರವೂ ಇಲ್ಲ. ಯುಗಾದಿ ಹೊತ್ತಿಗೆ ಬಿಲ್ಲೆ ಕರ್ರಗಾಗಿತ್ತು. ಅದನ್ನು ಜಗಲಿಯಿಂದ ತೆಗೆದು ಕಾಳಿನ ಗಡಿಗೆಯ ಹಿಂದೆ ಇಟ್ಟ. ಯಾರಾದರೂ ಮಗನ ಮಾತು ತೆಗೆದರೆ, “ಜ್ವರ ಬಂದಿತ್ತು,” ಎನ್ನತೊಡಗಿದ. ಅದನ್ನು ಕೇಳಿದ ಮೊದಲ ದಿನ ರಾಯವ್ವ ಹಿತ್ತಲಿಗೆ ಹೋಗಿ ಗೋಡೆ ಹಿಡಿದು ನಿಂತಳು. ಅವನಿಂದ ತಾನು ಏನು ಕಿತ್ತುಕೊಂಡೆನೆಂದು ಅವಳಿಗೆ ಆಗ ತಿಳಿಯಿತು.

ಆಮೇಲೆ ಅವನೇ ಕೇಳಲು ಶುರುಮಾಡಿದ. ಶನಿವಾರ ಅವಳು ಸಾಲೆಯಿಂದ ಬರುವುದನ್ನು ಕಟ್ಟೆಯ ಮೇಲೆ ಕಾದು ಕೂರುವನು.

“ನಿಮ್ಮ ಹಾಳೀದು ಏನಾತು?”

“ಸಭಾ ನಡದೈತಂತ್ರಿ.”

“ನಡೀಲಿ. ಗಡಿಬಿಡಿ ಮಾಡೂ ಕೆಲಸಲ್ಲ ಅದು.”

ಹೀಗೆ ಎರಡು ವರ್ಷ ದಾಟಿತು. ಒಂದು ಶನಿವಾರ ಅಕ್ಕೋರು ಪತ್ರಿಕೆಯ ಆ ಪುಟವನ್ನು ಕೊನೆಗೆ ಉಳಿಸಿಕೊಂಡು ಓದಿದರು. ಸಭೆ ಮುರಿದಿತ್ತು. ಒಬ್ಬೊಬ್ಬರೇ ಎದ್ದುಹೋಗಿದ್ದರು. ಎಲ್ಲ ದೇಶದಲ್ಲೂ ಹೊಸ ತೋಪು ಎರಕ ಹೊಯ್ಯುತ್ತಿದ್ದರು.

“ನಮ್ಮ ಹಾಳಿ ಓದಿದ್ರೇನ್ರಿ?” ಎಂದಳು ರಾಯವ್ವ.

“ಲಕ್ಷಗಟ್ಟಲೆ ಬಂದಿದ್ದೂವಂತ ರಾಯವ್ವ. ಗಂಟು ಕಟ್ಟಿ ಎಲ್ಲ್ಯರೆ ಇಟ್ಟಿರತಾರ. ಅಷ್ಟು ಯಾರು ಓದತಾರ?” ಅಕ್ಕೋರು ಪತ್ರಿಕೆ ಮಡಚಿದರು.

“ನೋಡ, ಸುಮ್ನ ಗಂಡನ ಹೆಸರ ಹೊರಗ ಹಾಕಿದ್ವಿ,” ಎಂದಳು ಕಾಶೆವ್ವ.

ಪರಪ್ಪ ಕಟ್ಟೆಯ ಮೇಲಿದ್ದ. ಕಣ್ಣಿಗೆ ಪೊರೆ ಬಂದು ಈಚೆಗೆ ಅವಳನ್ನು ನಡಿಗೆಯಿಂದಷ್ಟೇ ಗುರುತು ಹಿಡಿಯುತ್ತಿದ್ದ.

“ಏನಂದ್ರು?”

ರಾಯವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಇನ್ನೂ ಓದಾಕತ್ತಾರಂತ್ರಿ. ಲಕ್ಷಗಟ್ಟಲೆ ಬಂದಾವಂತ.”

“ಹೌದಲ್ಲ, ಮಂದಿ ಭಾಳ ಬರದಿರಬೇಕು.” ಅವನು ತುಸು ಸರಿದು ಅವಳಿಗೆ ಕಟ್ಟೆಯಲ್ಲಿ ಜಾಗ ಬಿಟ್ಟ. “ನಮ್ಮ ಹೆಸರು ಬರಾಕ ಹೊತ್ತು ಹಿಡಿತೈತಿ.”

ಅವಳು ಕೂರಲಿಲ್ಲ. ಒಲೆ ಹಚ್ಚಬೇಕೆಂದು ಹೇಳಿ ಒಳಗೆ ಹೋದಳು.