ಅನಗತ್ಯ ಸದ್ದು

ತೊಮೆ ಗುರುಗಳು ನುಡಿಸಿದ ಒಂದೇ ಒಂದು ಶಾಮಿಸೆನ್ ಧ್ವನಿಮುದ್ರಣ ನಮ್ಮ ಮನೆಯಲ್ಲಿ ನಾಲ್ಕು ಸಲ ಇದೆ. ಮೊದಲು ಎಲ್‌ಪಿ ತಟ್ಟೆ, ಆಮೇಲೆ ಸಿ.ಡಿ., ಆಮೇಲೆ ಅದೇ ಸಿ.ಡಿ.ಯ ದುಬಾರಿ ಅವತಾರ, ಈಗ ಹೈ-ರೆಸಲ್ಯೂಷನ್ ಡಿಸ್ಕ್. ಹಾಡಿದ್ದೇ ಹಾಡುವ ಕಿಸಬಾಯಿದಾಸನನ್ನಾದರೂ ಸಹಿಸಬಹುದು, ಹಾಡಿದ್ದನ್ನೇ ಹೊಸ ಹೊಸ ಡಬ್ಬಿಯಲ್ಲಿಟ್ಟು ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೊಳ್ಳುವವರು ನಮ್ಮವರೇ, ನನ್ನ ಗಂಡ ಶೋಯಿಚಿ.

ಕನಜಾವಾ ಊರಿನ ನಮ್ಮ ಮನೆಯ, ಎಂಟು ಚಾಪೆ ಹಿಡಿಸುವ ದೊಡ್ಡ ಕೋಣೆ ಅವರ ಸ್ಪೀಕರುಗಳ ಪಾಲಾಗಿ ಹತ್ತು ವರ್ಷವಾಯಿತು. ಚರ್ಮ ಹೊದಿಸಿದ, ಮೂರು ತಂತಿಯ ನನ್ನ ಶಾಮಿಸೆನ್ ಉಗ್ರಾಣದಲ್ಲಿ ಉಪ್ಪಿನಕಾಯಿ ಜಾಡಿಗಳ ಜೊತೆ ಸಂಸಾರ ಮಾಡುತ್ತಿದೆ. "ಅದು ಇಲ್ಲಿದ್ರೆ ಅದರ ಚರ್ಮ ಅದುರಿ ಸ್ಪೀಕರ್ ದನಿ ಕಲಸಿಹೋಗುತ್ತೆ ಕಣೇ" ಎಂದಿದ್ದರು.

ಆ ಮುದ್ರಣದ ಎರಡನೆಯ ಶಾಮಿಸೆನ್ ನನ್ನದು. ಆಗ ನನಗೆ ಇಪ್ಪತ್ತೆರಡು, ಮದುವೆಯಾಗಿರಲಿಲ್ಲ. ಎಲ್‌ಪಿಯ ಹೊದಿಕೆಯ ಮೇಲೆ ನನ್ನ ಹೆಸರಿಲ್ಲ, 'ಮತ್ತು ಶಿಷ್ಯೆ' ಎಂದಷ್ಟೇ ಇದೆ. ಹಾಡಿನ ನಡುವೆ ಒಂದು ದೀರ್ಘ ಮೌನ ಬರುತ್ತದೆ. ಅದು ಮುಗಿದೊಡನೆ ಇಬ್ಬರೂ ಒಟ್ಟಿಗೆ ತಂತಿ ಮೀಟಬೇಕು. ಗುರುಗಳಿಗೆ ಕಣ್ಣು ಹೋಗಿತ್ತು, ನನ್ನ ಕೈ ಕಾಣುತ್ತಿರಲಿಲ್ಲ. "ನೀನು ಉಸಿರು ಎಳ್ಕೋ ಹುಡುಗಿ, ನಾನು ಅದನ್ನ ಹಿಡ್ಕೊಂಡು ಮೀಟ್ತೀನಿ" ಎಂದಿದ್ದರು. ಮುದ್ರಣದವನು ಉಸಿರಿನ ಸದ್ದು ಕೇಳುತ್ತಿದೆ, ಇನ್ನೊಮ್ಮೆ ನುಡಿಸಿ ಎಂದ. ಗುರುಗಳು ರೇಗಿದರು: "ಆ ಉಸಿರು ತೆಗೆದ್ರೆ ನಾನು ಎಲ್ಲಿಂದಯ್ಯಾ ಶುರು ಮಾಡ್ಲಿ?"

ಮದುವೆಯಾದ ಹೊಸತರಲ್ಲಿ ಇದನ್ನು ನಮ್ಮವರಿಗೆ ಹೇಳಿದ್ದೆ. "ಸುಮ್ನಿರೇ, ಅದು ಗುರುಗಳ ಉಸಿರು. ಪತ್ರಿಕೇಲೇ ಬರೆದಿದಾರೆ" ಎಂದರು. ನಾನು ಸುಮ್ಮನಾದೆ. ಹೇಗೂ ಉಸಿರು ಅಲ್ಲಿತ್ತಲ್ಲ, ಅಷ್ಟು ಸಾಕಿತ್ತು ನನಗೆ.

ಕಳೆದ ಭಾನುವಾರ ಹೊಸ ಡಿಸ್ಕ್ ಕೇಳಲು ನಮ್ಮವರ ಕೇಳುಗರ ಬಳಗದ ಇಬ್ಬರು ಬಂದರು. ಕುರಮೋಚಿ ನಿವೃತ್ತ ಹಲ್ಲಿನ ಡಾಕ್ಟರು. ಇಗುಚಿ ಬಳಗದ ಪತ್ರಿಕೆಗೆ ವಿಮರ್ಶೆ ಬರೆಯುವವರು. ನಾನು ಚಹಾ ಮತ್ತು ಕಿಂತ್ಸುಬಾ ಸಿಹಿತಿಂಡಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮೂವರೂ ಕಣ್ಣು ಮುಚ್ಚಿ ಕೂತಿದ್ದರು. ಮೌನ ಬಂತು. ತಿಕ್ಕಿ ತೊಳೆದ ಪಾತ್ರೆಯ ಹಾಗೆ ಚೊಕ್ಕಟವಾಗಿತ್ತು. ನಾನು ಕಾದೆ. ಉಸಿರು ಬರಲಿಲ್ಲ, ನೇರವಾಗಿ ತಂತಿಯೇ ಮೊಳಗಿತು.

"ಆಹಾ! ಆ ಉಸಿರು ಕೇಳಿದ್ರಾ?" ಎಂದರು ಕುರಮೋಚಿ. "ಸಿ.ಡಿ.ಲಿ ಎಲ್ಲೋ ದೂರ ಇತ್ತು. ಈಗ ಕಿವಿ ಪಕ್ಕದಲ್ಲೇ!"

"ಮೂಗಿನ ಬಿಸಿ ಕೂಡ ತಾಗ್ತು ನೋಡಿ" ಎಂದರು ಇಗುಚಿ.

"ಕೊಟ್ಟ ದುಡ್ಡಿಗೆ ಮೋಸ ಇಲ್ಲ" ಎಂದರು ನಮ್ಮವರು.

"ಅಲ್ಲಿ ಉಸಿರೇ ಇಲ್ಲ" ಎಂದೆ ನಾನು.

ಇಗುಚಿ ನಕ್ಕರು. "ಅತ್ತಿಗೆ, ವಯಸ್ಸಾದ್ಮೇಲೆ ಸಣ್ಣ ಸದ್ದು ಕೇಳ್ಸಲ್ಲ. ನಮ್ಮನೆಯವಳದ್ದೂ ಇದೇ ಕತೆ."

"ಚಹಾ ಆರೋಗುತ್ತೆ, ಇಟ್ಟು ಹೋಗೇ" ಎಂದರು ನಮ್ಮವರು.

ಇಟ್ಟೆ. ಆದರೆ ಹೋಗಲಿಲ್ಲ. ಡಿಸ್ಕಿನ ಜೊತೆ ಬಂದಿದ್ದ ಪುಸ್ತಿಕೆ ತೆಗೆದುಕೊಂಡು ಗಟ್ಟಿಯಾಗಿ ಓದಿದೆ: "ಮೂಲ ಟೇಪಿನಲ್ಲಿದ್ದ ಅನಗತ್ಯ ಸದ್ದುಗಳನ್ನು ಇದೇ ಮೊದಲ ಬಾರಿಗೆ ಸಂಪೂರ್ಣವಾಗಿ ನಿವಾರಿಸಲಾಗಿದೆ."

ಅನಗತ್ಯ ಸದ್ದು! ನಾನು ಈ ಲೋಕದಲ್ಲಿ ಬಿಟ್ಟುಹೋಗುವ ಗುರುತು ಅದೊಂದೇ. ಅದನ್ನು ಯಾವನೋ ಕಸದ ಹಾಗೆ ಗುಡಿಸಿ ಎಸೆದಿದ್ದ, ಗುಡಿಸಿದ್ದಕ್ಕೆ ಬೆಲೆಯನ್ನೂ ಏರಿಸಿದ್ದ.

"ಹಳೇ ಸಿ.ಡಿ. ಹಾಕಿ, ಆಮೇಲೆ ಇದನ್ನ ಹಾಕಿ. ಈ ಸಲ ಕಣ್ಣು ಬಿಟ್ಕೊಂಡು ಕೇಳಿ" ಎಂದೆ.

ನಮ್ಮವರು ಗೊಣಗುತ್ತಲೇ ಹಾಕಿದರು. ಹಳೆಯದರಲ್ಲಿ ಉಸಿರು ಇತ್ತು. ಹೊಸದರಲ್ಲಿ ಇರಲಿಲ್ಲ. ಕುರಮೋಚಿ ತಮ್ಮ ಚಹಾ ಬಟ್ಟಲಿನೊಳಗೆ ಏನೋ ಬಿದ್ದಿದೆಯೇನೋ ಎಂಬಂತೆ ನೋಡತೊಡಗಿದರು.

"ಆಂಪ್ಲಿಫೈಯರ್ ಇನ್ನೂ ಸರಿಯಾಗಿ ಬಿಸಿ ಆಗಿಲ್ಲ ಅನ್ಸುತ್ತೆ" ಎಂದರು ಇಗುಚಿ. ಕುಣಿಯಲಾರದವಳಿಗೆ ನೆಲ ಡೊಂಕು.

ನಮ್ಮವರ ಮುಖ ಕೆಂಪಾಗಿತ್ತು. "ಗುರುಗಳ ಉಸಿರನ್ನೇ ಒರೆಸಿ ಹಾಕಿದಾರಲ್ಲ, ಅಯೋಗ್ಯರು!" ಎಂದು ಕೂಗಿದರು.

ಈಗಲೂ ಗುರುಗಳದ್ದೇ! ನನಗೆ ತಡೆಯಲಾಗಲಿಲ್ಲ. ಉಗ್ರಾಣಕ್ಕೆ ಹೋಗಿ ಶಾಮಿಸೆನ್ ತಂದೆ. ಎರಡು ಸ್ಪೀಕರುಗಳ ನಡುವೆ ಮಂಡಿಯೂರಿ ಕೂತು ತಂತಿ ಬಿಗಿದೆ.

"ಏ, ಸ್ಪೀಕರ್ ಹತ್ರ..." ಎಂದರು ನಮ್ಮವರು.

"ಅದುರಿದ್ರೆ ಅದುರ್ಲಿ ಬಿಡಿ."

ಮೌನಕ್ಕೆ ಮುಂಚಿನ ನಾಲ್ಕು ಸ್ವರಗಳನ್ನು ನುಡಿಸಿ ನಿಲ್ಲಿಸಿದೆ. ಗುರುಗಳು ಪಕ್ಕದಲ್ಲಿದ್ದರೆ ಎಷ್ಟು ಕಾಯುತ್ತಿದ್ದೆನೋ ಅಷ್ಟೇ ಕಾದೆ. ಆಮೇಲೆ ಮೂಗಿನಿಂದ ಉಸಿರು ಎಳೆದುಕೊಂಡೆ, ಆದರೆ ಮೀಟದೆ ಕೈ ತಡೆದೆ.

ನಮ್ಮವರು ತಟ್ಟನೆ ತಿರುಗಿದರು. ಸಿ.ಡಿ. ಪ್ಲೇಯರಿನ ಕಡೆ ನೋಡಿ ಮತ್ತೆ ನನ್ನ ಕಡೆ ನೋಡಿದರು.

"ಫುಮಿಯೆ, ಅದು... ನಿಂದಾ?"

"ಮೂವತ್ತೆಂಟು ವರ್ಷ ಪಕ್ಕದಲ್ಲೇ ಮಲಗಿದೀರಿ" ಎಂದೆ. "ನನ್ನ ಉಸಿರಿನ ಗುರುತು ಸಿಗೋಕೆ ನಿಮಗೆ ಯಾವ ಡಿಸ್ಕ್ ಬೇಕಿತ್ತು ರೀ?"

ನಾನು ಮತ್ತೊಮ್ಮೆ ಉಸಿರೆಳೆದು ತಂತಿ ಮೀಟಿದೆ.