ಸ್ವಲ್ಪ ಮಬ್ಬು

ಯಾರು ಏನೇ ಕೇಳಲಿ, ಆ ಎಕ್ಸ್‌ರೇ ವೈದ್ಯರು ಮೊದಲು ಕನ್ನಡಕ ತೆಗೆದು ಬಿಳಿಯ ಕೋಟಿನ ಅಂಚಿನಿಂದ ಒರೆಸತೊಡಗುತ್ತಿದ್ದರು. ಒರೆಸಿ ಮುಗಿಸುವಷ್ಟರಲ್ಲಿ ಕೇಳಿದವರಿಗೇ ಉತ್ತರ ಬೇಡವಾಗಿರುತ್ತಿತ್ತು. ಎಡಭುಜ ತಗ್ಗಿಸಿ ಗೋಡೆಯ ಪಕ್ಕದಲ್ಲೇ ನಡೆಯುವ ಆ ಮಿತಭಾಷಿಗೆ ಆಸ್ಪತ್ರೆಯ ನೆಲಮಾಳಿಗೆಯ ಮಸುಕು ಕೋಣೆಯೇ ಹಿತ. ಅಲ್ಲಿ ಬೆಳಕಿನ ಪೆಟ್ಟಿಗೆಗೆ ಫಿಲ್ಮು ಸಿಕ್ಕಿಸಿ, ಮೂವತ್ತು ವರ್ಷ ಒಂದೇ ಪದವನ್ನು ಸಾವಿರಾರು ಸಲ ಬರೆದರು: ಅಪಾರದರ್ಶಕತೆ. ಕಿರಣ ದಾಟಲಾರದ ಕಡೆ ಫಿಲ್ಮಿನಲ್ಲಿ ಬೆಳ್ಳಗೆ ಮೂಡುವ ಕಲೆಗೆ ಆ ಹೆಸರು. ಅದು ಸೋಂಕೋ, ಹಳೆಯ ಗಾಯವೋ, ಗಡ್ಡೆಯೋ ಎಂಬುದನ್ನು ಆ ಪದ ಹೇಳುವುದಿಲ್ಲ. ಆದ್ದರಿಂದಲೇ ಅವರಿಗೆ ಅದರ ಮೇಲೆ ಅಷ್ಟು ಮಮತೆ.

ಹೆಂಡತಿ ಶಾಲೆಯಲ್ಲಿ ವಿಜ್ಞಾನದ ಟೀಚರ್. ಗಾಜು, ಎಣ್ಣೆ ಸವರಿದ ಕಾಗದ, ಮರದ ಹಲಗೆ, ಮೂರನ್ನೂ ಕಿಟಕಿಗೆ ಹಿಡಿದು ಬೆಳಕು ಯಾವುದನ್ನು ದಾಟುತ್ತದೆ, ಯಾವುದನ್ನು ದಾಟುವುದಿಲ್ಲ ಎಂದು ಪಾಠ ಹೇಳುತ್ತಿದ್ದವರು. "ನಮ್ಮನೆಯವರು ಹಲಗೆ ಕಣ್ರೀ," ಎಂದು ಜೊತೆಯವರೆದುರು ನಗುತ್ತಿದ್ದರು.

ಬಿಡದ ಕೆಮ್ಮಿಗೆಂದು ತೆಗೆಸಿದ ಹೆಂಡತಿಯ ಎದೆಯ ಫಿಲ್ಮು ಒಂದು ಮಧ್ಯಾಹ್ನ ಅದೇ ಪೆಟ್ಟಿಗೆಯ ಮೇಲೆ ಬಂತು. ಬಲ ಶ್ವಾಸಕೋಶದಲ್ಲಿ ಹರಕುಮುರುಕು ಅಂಚಿನ ಬಿಳುಪು. ಅದು ಪಕ್ಕೆಲುಬುಗಳನ್ನೂ ತಿಂದಿತ್ತು. ಚಿಕಿತ್ಸೆಯ ಹಂತ ಮೀರಿದೆಯೆಂದು ತಿಳಿಯಲು ವೈದ್ಯರಿಗೆ ಎರಡು ಉಸಿರೂ ಬೇಕಾಗಲಿಲ್ಲ. ವರದಿಯಲ್ಲಿ ಎಂದಿನ ಪದವನ್ನೇ ಬರೆದರು.

ಹೊರಗಿನ ಬೆಂಚಿನ ಮೇಲೆ ಕೂತು ಹೆಂಡತಿ ಅದನ್ನು ಓದಿದರು. "ಈ ಪದ ನಾನೇ ಮಕ್ಕಳಿಗೆ ಹೇಳ್ಕೊಡ್ತೀನಿ. ಇಲ್ಲಿ ಏನರ್ಥ?"

ಕನ್ನಡಕ ಒರೆಸಿದರು. "ಸ್ವಲ್ಪ ಮಬ್ಬು. ಮಾತ್ರೆ ತಗೋ, ನೋಡೋಣ."

"ಅಷ್ಟೇನಾ? ಹಾಗಾದ್ರೆ ಅಕ್ಕನ ಮನೆಗೆ ರಜೆ ಬಂದ್ಮೇಲೆ ಹೋದ್ರಾಯ್ತು ಬಿಡಿ."

ಅಕ್ಕತಂಗಿಯರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು; ಈ ಸಲ ತಾನೇ ಹೋಗಿ ರಾಜಿಯಾಗಬೇಕೆಂದು ಟೀಚರ್ ನಿಶ್ಚಯಿಸಿದ್ದರು. ನಾಳೆಯೇ ಹೊರಡು ಎನ್ನುವ ಬದಲು ವೈದ್ಯರು ಮಾತ್ರೆಯ ಚೀಟಿ ಬರೆದುಕೊಟ್ಟರು.

ರಜೆ ಬರುವಷ್ಟರಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದರು.

"ಅವತ್ತೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು." ಅವರು ತಡಮಾಡದೆ ಕೊಟ್ಟ ಉತ್ತರ ಅದೊಂದೇ ಇದ್ದೀತು.

"ಒಂದು ಮಾತು ಹೇಳಿದ್ರೆ ಹೋಗಿ ಬರ್ತಿದ್ನಲ್ರೀ," ಎಂದು ಆಕೆ ಗೋಡೆಯ ಕಡೆ ಮಗ್ಗುಲಾದರು. ಆಮೇಲೆ ಗಂಡನೊಡನೆ ಮಾತಾಡಲಿಲ್ಲ. ಸುದ್ದಿ ಕೇಳಿ ಅಕ್ಕ ಓಡಿಬಂದಾಗ ತಂಗಿಗೆ ಗುರುತು ಹಿಡಿಯುವಷ್ಟು ಪ್ರಜ್ಞೆ ಉಳಿದಿರಲಿಲ್ಲ.

ಇಂಥವರನ್ನು ಕ್ರೂರಿಗಳೆನ್ನಲು ಬಾಯಿ ಬರುವುದಿಲ್ಲ. ತಿಳಿದದ್ದನ್ನು ನುಂಗಿಕೊಳ್ಳುವುದೇ ದಯೆಯೆಂದು ನಂಬಿ ಬದುಕುವ ಜನ ಇವರು. ಸಾವು ಹೇಗೂ ಬಂದೇ ಬರುತ್ತದೆ. ಅದಕ್ಕೆ ಮುಂಚಿನ ನಾಲ್ಕು ದಿನಗಳನ್ನು ಮಾತ್ರ ತಮ್ಮವರಿಂದ ಇವರೇ ಕಿತ್ತುಕೊಂಡಿರುತ್ತಾರೆ, ಅದೂ ಪ್ರೀತಿಯಿಂದ.